ಜಾತ್ರೆ, ಉತ್ಸವ, ಕುದುರೆ ಸ್ಪರ್ಧೆಗಳಲ್ಲಿ ಜೀನು-ಲಗಾಮು ಕಾಯುವುದು ಹೇಗೆ? ಕಳುವಾದರೆ ಏನು ಮಾಡಬೇಕು?

ಕುದುರೆಯ ಬೆನ್ನ ಮೇಲಿರುವ ಜೀನಿಗೆ ಯಾರೂ ಕೈ ಹಾಕುವುದಿಲ್ಲ. ಸವಾರ ಇಳಿದು, ಹೊಟ್ಟೆಪಟ್ಟಿ ಸಡಿಲಿಸಿ, ಬೆವರಿನಿಂದ ತೊಯ್ದ ಜೀನನ್ನು ಬೇವಿನ ಮರದ ಬುಡಕ್ಕೆ ಒರಗಿಸಿ, ಕುದುರೆಗೆ ನೀರು ಕುಡಿಸಲು ಹೋಗುತ್ತಾನಲ್ಲ, ಕಳ್ಳನಿಗೆ ಬೇಕಾದ ಸಮಯ ಅದು. ದಣಿದ ಕುದುರೆಗೆ ನಮ್ಮ ಎರಡೂ ಕೈ ಬೇಕು. ಜೀನು, ಲಗಾಮು, ರಿಕಾಪು (ಸವಾರ ಕಾಲಿಡುವ ಬಳೆ), ಹೆಲ್ಮೆಟ್ ಕಾಯಲು ಮೂರನೆಯ ಕೈ ಇರುವುದಿಲ್ಲ. ತಿರುಗಿ ಬರುವಷ್ಟರಲ್ಲಿ ಮರದ ಬುಡ ಖಾಲಿ.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮದುವೆ ಮೆರವಣಿಗೆ, ಊರ ಜಾತ್ರೆ, ಉತ್ಸವಗಳ ಶೋಭಾಯಾತ್ರೆಗೆ ಕುದುರೆ ಕಟ್ಟುವವರೂ ಇದ್ದಾರೆ, ಬೆಂಗಳೂರು, ಮೈಸೂರಿನ ಸ್ಪರ್ಧೆಗಳ ಆಸೆ ಇಟ್ಟುಕೊಂಡ ಹೊಸ ಹುಡುಗರೂ ಇದ್ದಾರೆ. ಕಾನ್ಪುರದಲ್ಲಿ ಹೊಲಿದ ಸಾಧಾರಣ ಜೀನಿಗೂ ಸಾವಿರಾರು ರೂಪಾಯಿ ಬೇಕು. ಹೊರದೇಶದ್ದಾದರೆ ಲಕ್ಷವನ್ನೂ ದಾಟಬಹುದು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಒಂದು ಕುದುರೆಯ ಬೆನ್ನಿಗೆ ಹೊಂದಿಕೊಂಡ ಜೀನು ಮತ್ತೆ ಸಿಗುವುದು ಕಷ್ಟ. ಅವಸರಕ್ಕೆ ಬೇರೆ ಯಾರದೋ ಜೀನು ಬಿಗಿದರೆ ಹೆಗಲ ಮೇಲಿನ ಉಬ್ಬಿನ ಹತ್ತಿರ ಗಾಯವಾಗಿ ಕುದುರೆ ವಾರಗಟ್ಟಲೆ ನಿಲ್ಲಬೇಕಾಗುತ್ತದೆ. ಆದ್ದರಿಂದ ಈ ಕಾವಲು ಕುದುರೆಯ ಆರೈಕೆಗೇ ಸೇರಿದ್ದು.

ಮನೆಯಲ್ಲೇ ಮುಗಿಸಬೇಕಾದ ದಾಖಲೆ

ವಿಜಯನಗರದ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅರಸ ಸಾಳುವ ನರಸಿಂಹ ಸಮುದ್ರದ ಮೇಲೆ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ, ಆದರೆ ವ್ಯಾಪಾರಿ ಅದರ ಬಾಲ ತಂದು ತೋರಿಸಬೇಕಿತ್ತು. ಪುರಾವೆ ಇದ್ದವನಿಗೆ ದುಡ್ಡು. ಇಂದಿನ ಠಾಣೆ, ಕೋರ್ಟಿನಲ್ಲೂ ನಡೆಯುವುದು ಅದೇ. "ಇದು ನನ್ನದೇ" ಎಂದು ಎಷ್ಟು ಬಾರಿ ಹೇಳಿದರೂ ತೋರಿಸಲು ಏನೂ ಇರದಿದ್ದರೆ, ಸಿಕ್ಕ ಸಾಮಾನೂ ಕೈಗೆ ಬರುವುದಿಲ್ಲ.

ಹಗಲು ಬೆಳಕಿನಲ್ಲಿ ಅಂಗಳದಲ್ಲಿ ಒಂದು ಬಿಳಿ ಬಟ್ಟೆ ಹಾಸಿ. ಒಂದೊಂದೇ ಸಾಮಾನಿಟ್ಟು ಮೇಲೆ, ಕೆಳಗೆ, ಎಡ, ಬಲ ಫೋಟೊ ತೆಗೆಯಿರಿ. ಜೀನಿನ ಪಕ್ಕದ ಚರ್ಮ ಎತ್ತಿ ಅದರ ಅಡಿಯಲ್ಲಿ ಕಂಪನಿಯ ಮುದ್ರೆ, ಅಳತೆ, ಸರಣಿ ಸಂಖ್ಯೆ ಇದೆಯೇ ನೋಡಿ, ಇದ್ದರೆ ಹತ್ತಿರದಿಂದ ತೆಗೆಯಿರಿ. ಎಲ್ಲ ಜೀನಿಗೂ ಸಂಖ್ಯೆ ಇರುವುದಿಲ್ಲ. ಇಲ್ಲದಿದ್ದರೆ ಸವೆತವೇ ಗುರುತು.

ಸವೆತ ಅಂದರೆ ಹೇಗೆ? ನಾವು ಕುದುರೆ ಹತ್ತುವುದು ಎಡಗಡೆಯಿಂದ. ಪ್ರತಿಸಲ ಪೂರ್ತಿ ಮೈಭಾರ ಎಡ ರಿಕಾಪಿನ ಪಟ್ಟಿಯ ಮೇಲೆ ಬೀಳುತ್ತದೆ. ಎರಡು ವರ್ಷ ಬಳಸಿದ ಜೋಡಿಯನ್ನು ಪಕ್ಕಪಕ್ಕ ತೂಗುಹಾಕಿ ನೋಡಿ, ಎಡಗಡೆಯದು ಬಲಕ್ಕಿಂತ ತುಸು ಉದ್ದವಾಗಿರುತ್ತದೆ, ನೀವು ಹಾಕುವ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತದೆ. ಆ ತೂತು ಎಷ್ಟನೆಯದು, ಪಟ್ಟಿ ಎಷ್ಟು ಇಂಚು, ಮರುಹೊಲಿಗೆ ಹಾಕಿಸಿದ ದಾರದ ಬಣ್ಣ ಯಾವುದು, ಬಕಲ್‌ನ ಯಾವ ಮೂಲೆಯ ಪಾಲಿಶ್ ಕಿತ್ತಿದೆ, ಎಲ್ಲ ಬರೆದಿಡಿ. ಕಳ್ಳ ಮುದ್ರೆ ಅಳಿಸಬಹುದು, ವರ್ಷಗಟ್ಟಲೆ ನಿಮ್ಮ ಕಾಲು ಮಾಡಿದ ಸವೆತವನ್ನು ಅಳಿಸಲಾರ.

ಖರೀದಿ ಬಿಲ್ಲು ಇದ್ದರೆ ಅದರ ಫೋಟೊ. ಇಲ್ಲದಿದ್ದರೆ ದುಡ್ಡು ಕಳಿಸಿದ ಫೋನ್‌ಪೇ ಅಥವಾ ಬ್ಯಾಂಕ್ ದಾಖಲೆ, ಮಾರಿದವರಿಂದ ಒಂದು ಸಾಲಿನ ಬರಹ. ನೀವು ಅದೇ ಜೀನಿನ ಮೇಲೆ ಕೂತಿರುವ ಹಳೆಯ ಫೋಟೊ ಕೂಡ ಕೆಲಸಕ್ಕೆ ಬರುತ್ತದೆ. ಪ್ರತಿ ಸಾಮಾನಿನ ಮುಂದೆ ಬೆಲೆ ಬರೆಯಿರಿ. ಈ ಬೆಲೆಯ ಕಾಲಂ ಯಾಕೆ ಮುಖ್ಯ ಎಂಬುದು ದೂರು ಕೊಡುವ ಭಾಗದಲ್ಲಿ ಗೊತ್ತಾಗುತ್ತದೆ, ಖಾಲಿ ಬಿಡಬೇಡಿ. ಪಟ್ಟಿಯ ಒಂದು ಪ್ರತಿಯನ್ನು ಮನೆಯವರ ಫೋನಿಗೆ ಕಳಿಸಿಬಿಡಿ. ಸಾಮಾನಿನ ಜೊತೆ ಫೋನೂ ಹೋಗುವುದುಂಟು.

ಗುರುತು ಹಾಕುವುದು

ಎರಡು ಗುರುತು ಬೇಕು: ಕಣ್ಣಿಗೆ ಬೀಳುವುದೊಂದು, ಬೀಳದ್ದೊಂದು. ಮೊದಲನೆಯದು ಕಳ್ಳ ಹಿಂಜರಿಯಲಿ ಎಂದು, ಎರಡನೆಯದು ಪೊಲೀಸರಿಗೆ ತೋರಿಸಲು.

ಆಧಾರ್ ಸಂಖ್ಯೆಯನ್ನು ಮಾತ್ರ ಯಾವುದರ ಮೇಲೂ ಕೆತ್ತಿಸಬೇಡಿ. ನಿಮ್ಮ ಹೆಸರಿನ ಎರಡಕ್ಷರ, ಅದರ ಜೊತೆ ಊರಿನ ಪಿನ್‌ಕೋಡ್ ಸಾಕು: ಬಳ್ಳಾರಿಯಾದರೆ 583101, ಕೊಪ್ಪಳವಾದರೆ 583231, ರಾಯಚೂರಾದರೆ 584101. ಸಾಮಾನು ಆಂಧ್ರ, ತೆಲಂಗಾಣದಲ್ಲಿ ಸಿಕ್ಕರೂ ಪಿನ್‌ಕೋಡ್ ನೋಡಿದವರಿಗೆ ಇದು ಎಲ್ಲಿಯದು ಎಂದು ಗೊತ್ತಾಗುತ್ತದೆ.

ಎಲ್ಲಿ ಹಾಕಬೇಕು ಎಂಬುದರಲ್ಲಿ ಎಚ್ಚರ ಇರಲಿ. ಕಡಿವಾಣದಲ್ಲಿ ಕುದುರೆಯ ಬಾಯೊಳಗೆ ಹೋಗುವ ಕಬ್ಬಿಣದ ಮೇಲೆ ಎಂದಿಗೂ ಕೆತ್ತಬಾರದು, ಸಣ್ಣ ಗೀರೂ ನಾಲಿಗೆ ಕೊಯ್ಯುತ್ತದೆ. ಹೊರಗಿನ ಬಳೆಯ ಮೇಲೆ ಕೆತ್ತಿ. ರಿಕಾಪಿಗಾದರೆ ಹೊರಬದಿ. ಜೀನಿಗೆ ಪಕ್ಕದ ಚರ್ಮದ ಅಡಿಭಾಗ. ಹೊಟ್ಟೆಪಟ್ಟಿ ಕಟ್ಟುವ ಜೀನಿನ ಪಟ್ಟಿಗಳನ್ನು ಮುಟ್ಟಲೇಬೇಡಿ, ಸವಾರನ ಜೀವ ನಿಂತಿರುವುದೇ ಅವುಗಳ ಮೇಲೆ. ಕಾದ ಕಬ್ಬಿಣದಿಂದ ಬರೆ ಹಾಕುವುದು ಬೇಡ, ಚರ್ಮ ಸುಟ್ಟು ಬಿರುಕು ಬಿಡುತ್ತದೆ. ಅಕ್ಷರದ ಅಚ್ಚು ಇಟ್ಟು ಮೆಲ್ಲಗೆ ತಟ್ಟಿದರೆ ಸಾಕು. ಚರ್ಮದ ಬ್ಯಾಗು, ಬೆಲ್ಟು ಹೊಲಿಯುವವರಲ್ಲಿ ಈ ಅಚ್ಚು ಇರುತ್ತದೆ. ನೇರಳಾತೀತ (ಯುವಿ) ಬೆಳಕಿನಲ್ಲಿ ಮಾತ್ರ ಕಾಣುವ ಪೆನ್ನಿನಿಂದ ಬರೆದರೆ, ಜೀನಿಗೆ ಸೋಪು ಹಚ್ಚಿ ಒರೆಸಿದ ಹಾಗೆಲ್ಲ ಅಳಿಸುತ್ತ ಹೋಗುತ್ತದೆ. ಆಗಾಗ ಮತ್ತೆ ಬರೆಯಬೇಕು.

ಬ್ಲೂಟೂತ್ ಟ್ಯಾಗ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಟ್ರಂಕಿನೊಳಗೆ ಒಂದು ಇಡಿ, ಒಳ್ಳೆಯದೇ. ಆದರೆ ಅದು ಹತ್ತಿರದಲ್ಲಿರುವ ಬೇರೆಯವರ ಫೋನಿನ ಮೂಲಕ ಜಾಗ ತಿಳಿಸುತ್ತದೆ. ಜಾತ್ರೆಯ ಜನದ ನಡುವೆ ಚೆನ್ನಾಗಿ ಸಿಗುತ್ತದೆ, ಸಿಂಧನೂರಿನಾಚೆಯ ಗದ್ದೆ ಬಯಲಿನ ಒಂಟಿ ಮನೆಯಲ್ಲಿ ಸಿಗದಿರಬಹುದು. ಕೆಲವು ಟ್ಯಾಗುಗಳು ಜೊತೆಗೆ ಸಾಗುತ್ತಿರುವ ಅಪರಿಚಿತನ ಫೋನಿಗೂ ಎಚ್ಚರಿಕೆ ಕಳಿಸುತ್ತವೆ. ಕುದುರೆಯ ಬೆನ್ನು ತಾಗುವ ಕಡೆ, ಸವಾರನ ತೊಡೆಯ ಕೆಳಗೆ ಅದನ್ನು ಸೇರಿಸಿ ಹೊಲಿಯಬಾರದು, ಒತ್ತಿ ಹುಣ್ಣಾಗುತ್ತದೆ.

ಟ್ರಂಕು, ಬೀಗ, ಗಾಡಿ

ನಮ್ಮ ಹಳೆಯ ತಗಡಿನ ಟ್ರಂಕಿಗಿಂತ ಒಳ್ಳೆಯ ಪೆಟ್ಟಿಗೆ ಇಲ್ಲ. ಆದರೆ ಅಂಗಡಿಯಿಂದ ತಂದ ಹಾಗೇ ಬಳಸಬೇಡಿ. ಬಹಳಷ್ಟು ಟ್ರಂಕುಗಳಲ್ಲಿ ಚಿಲಕವನ್ನು ಸಣ್ಣ ರಿವೆಟ್‌ಗಳಲ್ಲಿ ಕೂರಿಸಿರುತ್ತಾರೆ. ಬೀಗ ಎಷ್ಟೇ ದಪ್ಪವಿರಲಿ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಚಿಲಕವೇ ಕಿತ್ತು ಬರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಚಿಲಕಕ್ಕೆ ಬೋಲ್ಟು ಹಾಕಿಸಿ, ನಟ್ಟು ಒಳಬದಿಗೆ ಬರಲಿ. ಹಿಂಬದಿಯಲ್ಲಿ ಎರಡು ತೂತು ಕೊರೆಸಿ ಸರಪಳಿ ದಾಟಿಸಿ, ಅದನ್ನು ಟೆಂಪೊದ ಚಾಸಿಗೆ ಬೀಗ ಹಾಕಿ. ಮರಕ್ಕಾದರೆ ಗಟ್ಟಿ ಮರ, ಜಾಲಿ ಪೊದೆಯಲ್ಲ.

ಟ್ರಂಕಿನ ಸರಪಳಿಯನ್ನು ಕುದುರೆಗಾಗಲಿ, ಕುದುರೆ ಕಟ್ಟಿದ ಗೂಟಕ್ಕಾಗಲಿ ಸಿಕ್ಕಿಸಬೇಡಿ. ಪಟಾಕಿ ಸದ್ದಿಗೆ ಬೆದರಿದ ಕುದುರೆ ಟ್ರಂಕನ್ನು ಎಳೆದುಕೊಂಡೇ ಜನರ ಮಧ್ಯೆ ನುಗ್ಗುತ್ತದೆ. ನೆಲದಿಂದ ಮೊಣಕಾಲೆತ್ತರಕ್ಕೆ ಸರಪಳಿ ಬಿಗಿಯುವುದೂ ಅಪಾಯ.

ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿನ ಜೀನನ್ನು ಹಾಗೇ ಟ್ರಂಕಿಗೆ ತುಂಬಿ ಮುಚ್ಚಿದರೆ ಚರ್ಮ ಹಾಳು, ಒಣಗಲಿ ಎಂದು ಹೊರಗೆ ಹರವಿದರೆ ಕಳ್ಳನಿಗೆ ಅನುಕೂಲ. ಇದಕ್ಕೆ ದಾರಿ ಹೀಗೆ: ಒದ್ದೆ ಬಟ್ಟೆಯಲ್ಲಿ ಉಪ್ಪು ಬೆವರು ಒರೆಸಿ, ಗಾಡಿಯ ನೆರಳಿನಲ್ಲಿ ಜೀನು ಇಟ್ಟು, ಒಂದು ಜನ ಪಕ್ಕದಲ್ಲಿ ಕೂತು ಆರಿಸುವುದು, ಆರಿದ ಮೇಲೆ ಒಳಗಿಡುವುದು. ಕೂರುವವರಿಲ್ಲದಿದ್ದರೆ ಒರೆಸಿ ಒಳಗಿಟ್ಟುಬಿಡಿ, ಮನೆಗೆ ಹೋಗಿ ಎಣ್ಣೆ ಹಚ್ಚಿದರಾಯಿತು.

ಮೈದಾನದಲ್ಲಿ ಇಡೀ ದಿನ

ಬೇಗ ಹೋಗಿ ಜಾಗ ಹಿಡಿಯಿರಿ. ಗಾಡಿಯ ಬೆನ್ನು ಗೋಡೆಗೆ, ಟ್ರಂಕು ಗಾಡಿಗೂ ಗೋಡೆಗೂ ನಡುವೆ, ಕುದುರೆ ಒಂದು ಬದಿಗೆ. ಕುದುರೆಯ ಹಿಂದೆ ಯಾರೂ ನುಸುಳದಂತೆ ಜಾಗ ಬಿಡಿ, ಒದೆ ಬಿದ್ದರೆ ಕಳ್ಳತನಕ್ಕಿಂತ ದೊಡ್ಡ ಅನಾಹುತ. ಊಟದ ಸಾಲು, ಚಹಾ ಅಂಗಡಿ, ಶೌಚಾಲಯದ ದಾರಿಯ ಪಕ್ಕ ಬೇಡವೇ ಬೇಡ. ಆ ದಾರಿಯಲ್ಲಿ ಯಾರು ಯಾಕೆ ನಿಂತಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದೇ: ಕುದುರೆಗೆ ಒಬ್ಬರು, ಸಾಮಾನಿಗೆ ಒಬ್ಬರು. "ಎಲ್ಲಾರೂ ನೋಡ್ಕೊಳ್ರೀ" ಎಂದರೆ ಯಾರೂ ನೋಡುವುದಿಲ್ಲ. ಹೆಸರು ಹಿಡಿದು ಹೇಳಬೇಕು, ಬಿಟ್ಟು ಹೋಗುವಾಗ ಇನ್ನೊಬ್ಬರಿಗೆ ಬಾಯಿಬಿಟ್ಟು ಒಪ್ಪಿಸಬೇಕು. ಒಬ್ಬರೇ ಬಂದಿದ್ದರೆ ಪಕ್ಕದ ತಂಡದವರ ಜೊತೆ ಬೆಳಿಗ್ಗೆಯೇ ಮಾತಾಡಿಕೊಳ್ಳಿ: ನಿಮ್ಮ ಸರದಿಯಲ್ಲಿ ನಾನು, ನನ್ನ ಸರದಿಯಲ್ಲಿ ನೀವು. ನಮ್ಮ ಕಡೆ ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಸಣ್ಣ ಮಕ್ಕಳನ್ನು ಮಾತ್ರ ಕಾವಲಿಗೆ ಕೂರಿಸಬೇಡಿ.

ಮಕ್ಕಳನ್ನು ಮರುಳು ಮಾಡುವುದು ಬಹಳ ಸುಲಭ. ಒಬ್ಬ ಬರುತ್ತಾನೆ, ಕೊರಳಲ್ಲಿ ಯಾವುದೋ ಬ್ಯಾಡ್ಜು, ಮುಖದಲ್ಲಿ ಅವಸರ. "ಏ ತಮ್ಮಾ, ನಿಮ್ಮ ಅಣ್ಣ ಕಳ್ಸ್ಯಾನ, ಆ ಕರಿ ಜೀನು ಬೇಕಂತ, ಲಗೂನ ಕೊಡು." ಹುಡುಗ ಎತ್ತಿ ಕೊಟ್ಟೇಬಿಡುತ್ತಾನೆ. ಇದಕ್ಕೆ ಮನೆಯಲ್ಲೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ನಮ್ಮ ತಂಡದ ಇಂತಿಂಥವರು ಬಿಟ್ಟು ಬೇರೆ ಯಾರು ಬಂದರೂ, ಸಮಿತಿಯವರೇ ಬಂದರೂ, ಫೋನ್ ಮಾಡದೆ ಏನೂ ಕೊಡುವುದಿಲ್ಲ. "ಅಣ್ಣನ್ನ ಕೇಳಿ ಕೊಡ್ತೀನ್ರೀ" ಎಂದು ಹುಡುಗ ಮರ್ಯಾದೆಯಿಂದಲೇ ಹೇಳಲಿ, ಕೇಳಿದವರಿಗೆ ಬೇಜಾರಾದರೆ ಆಗಲಿ.

ಸಾಮಾನು ಒಂಟಿಯಾಗುವ ಹೊತ್ತುಗಳು ಮೊದಲೇ ಗೊತ್ತಿರುತ್ತವೆ. ಓಟ ಮುಗಿದ ಕೂಡಲೇ ನೀರು ಕುಡಿಸುವಾಗ. ಕುದುರೆಗೆ ಪೆಟ್ಟಾಗಿ ಎಲ್ಲರೂ ಅತ್ತ ಓಡಿದಾಗ. ತೇರು ಎಳೆಯುವ ಗಳಿಗೆಯಲ್ಲಿ. ಕರೆಂಟು ಹೋಗಿ ಜನರೇಟರ್ ಶುರುವಾಗುವ ಮಧ್ಯೆ. ಬಹುಮಾನ ಕೊಡುವ ಹೊತ್ತು ಇವೆಲ್ಲದಕ್ಕಿಂತ ಕೆಟ್ಟದ್ದು. ಗೆದ್ದ ಸಂತೋಷದಲ್ಲಿ ಇಡೀ ತಂಡ ವೇದಿಕೆಗೆ ಹೋಗಿ ಫೋಟೊಕ್ಕೆ ನಿಲ್ಲುತ್ತದೆ, ಹಿಂದೆ ಟ್ರಂಕಿನ ಬಾಯಿ ತೆರೆದಿರುತ್ತದೆ. ವೇದಿಕೆಗೆ ಹೋಗದೆ ಸಾಮಾನಿನ ಹತ್ತಿರ ಉಳಿಯುವವರು ಯಾರು ಎಂದು ಬೆಳಿಗ್ಗೆಯೇ ತೀರ್ಮಾನಿಸಿ. ಆಮೇಲೆ ಅವರನ್ನೂ ಕರೆದು ಇನ್ನೊಂದು ಫೋಟೊ ತೆಗೆಸಿಕೊಳ್ಳಿ, ಅದು ಅವರಿಗೆ ಸಲ್ಲಬೇಕಾದ್ದು.

ರಾತ್ರಿ ತಂಗಬೇಕಾದರೆ ಟ್ರಂಕು ಮಂಚದ ಕೆಳಗೆ, ಸರಪಳಿಯ ಕೊನೆಗೆ ಒಂದು ಗೆಜ್ಜೆ ಸರ. ಹೆಲ್ಮೆಟ್, ಬೂಟುಗಳನ್ನೂ ಒಳಗಿಡಿ, ಜೀನು ಕದಿಯಲು ಆಗದವನು ಅವನ್ನಾದರೂ ಒಯ್ಯುತ್ತಾನೆ.

ಸಮಿತಿಯವರಿಗೆ

ಗವಿಮಠದ ಜಾತ್ರೆ, ಹುಲಿಗಿ, ಆನೆಗೊಂದಿ ಉತ್ಸವ, ಬಳ್ಳಾರಿ ಉತ್ಸವದಂಥ ಕಡೆ ಸೇರುವ ಜನರನ್ನೆಲ್ಲ ತಪಾಸಣೆ ಮಾಡಲು ಸಾಧ್ಯವಿಲ್ಲ. ಕುದುರೆಗಳು ತಂಗುವ ಜಾಗಕ್ಕೆ ಮಾತ್ರ ಹಗ್ಗ ಕಟ್ಟಿ, ಒಂದೇ ಬಾಗಿಲು ಬಿಡಿ. ಒಳಬರುವ ತಂಡ ಎಷ್ಟು ಜೀನು, ಎಷ್ಟು ಲಗಾಮು ತಂದಿದೆ ಎಂದು ಒಂದು ಚೀಟಿಯಲ್ಲಿ ಬರೆದು, ಹೊರಹೋಗುವಾಗ ಅದೇ ಚೀಟಿಗೆ ತಾಳೆ ನೋಡಿ. ನಾಲ್ಕು ದೀಪ, ಸರದಿಯಲ್ಲಿ ಇಬ್ಬರು ಸ್ವಯಂಸೇವಕರು ಇದ್ದರೆ ಅರ್ಧ ಕಳವು ತಾನಾಗಿ ನಿಲ್ಲುತ್ತದೆ. ಮೈಕಿನಲ್ಲಿ ಹೇಳುವಾಗ ಕನ್ನಡದ ಜೊತೆ ತೆಲುಗು, ಉರ್ದುವಿನಲ್ಲೂ ಹೇಳಿಸಿ. ನಮ್ಮ ಮೂರೂ ಜಿಲ್ಲೆಯ ಜಾತ್ರೆಗೆ ಬರುವವರು ಈ ಮೂರೂ ಮಾತಿನವರು.

ಕಳುವಾದ ಮೊದಲ ಗಂಟೆ

ಮೊದಲು ಕುದುರೆಯನ್ನು ಕಟ್ಟಿ, ಯಾರಿಗಾದರೂ ಒಪ್ಪಿಸಿ. ಜೀನಿಲ್ಲದ ಕುದುರೆ ಹತ್ತಿ ಜನರ ನಡುವೆ ಕಳ್ಳನ ಬೆನ್ನಟ್ಟುವುದು ಬೇಡ. ಬಾಗಿಲಲ್ಲಿರುವವರಿಗೆ ತಿಳಿಸಿ, ಮೈಕಿನಲ್ಲಿ ಹೇಳಿಸಿ, 112ಕ್ಕೆ ಕರೆ ಮಾಡಿ. ಸಾಮಾನು ಇದ್ದ ಜಾಗವನ್ನು ಮುಟ್ಟದೆ ಫೋಟೊ ತೆಗೆಯಿರಿ: ಮುರಿದ ಬೀಗ, ಕತ್ತರಿಸಿದ ಪಟ್ಟಿ, ಗಾಲಿಯ ಗುರುತು. ಅಕ್ಕಪಕ್ಕದ ಅಂಗಡಿಗಳಲ್ಲಿ ಸಿಸಿಟಿವಿ ಇದ್ದರೆ ದೃಶ್ಯ ಅಳಿಸದಿರಲು ಆಗಲೇ ಕೇಳಿಕೊಳ್ಳಿ. ಕೆಲವು ಯಂತ್ರಗಳಲ್ಲಿ ಹಳೆಯದರ ಮೇಲೆ ಹೊಸದು ಬೇಗ ಬರೆದುಕೊಳ್ಳುತ್ತದೆ.

ಆ ಸಿಟ್ಟಿನಲ್ಲಿ ಯಾರ ಮೇಲೂ ಬೆರಳು ತೋರಿಸಬೇಡಿ. ಇಂಥ ಹೊತ್ತಿನಲ್ಲಿ ಅನುಮಾನ ಮೊದಲು ಹೋಗುವುದು ಬಡ ಕೂಲಿಯವರ ಮೇಲೆ, ಅಲೆಮಾರಿಗಳ ಮೇಲೆ, ಕುದುರೆಗೆ ಹುಲ್ಲು ಹಾಕುವ ಹುಡುಗನ ಮೇಲೆ. ಗುಂಪು ಸೇರಿದರೆ ಹೊಡೆತ ತಪ್ಪಿಸುವುದು ಯಾರ ಕೈಯಲ್ಲೂ ಇರುವುದಿಲ್ಲ. ಜೀನು ಮತ್ತೆ ಕೊಳ್ಳಬಹುದು, ಹೊಡೆತ ತಿಂದವನ ಜೀವ ಹೋದರೆ ಬರುವುದಿಲ್ಲ. ಕಣ್ಣೆದುರೇ ಕದ್ದು ಸಿಕ್ಕಿಬಿದ್ದವನನ್ನೂ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕೆಂದು ಕಾನೂನೇ ಹೇಳುತ್ತದೆ.

ದೂರು ಬರೆಯುವುದು

2024ರ ಜುಲೈ 1ರಿಂದ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಅನ್ವಯಿಸುತ್ತದೆ. ಶಿಕ್ಷೆ 3 ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದೊಳಗಿಂದ ಕದ್ದರೆ 305ನೇ ಕಲಂ ಬರುತ್ತದೆ, ಶಿಕ್ಷೆ 7 ವರ್ಷದವರೆಗೂ ಹೋಗಬಹುದು. ಆದ್ದರಿಂದ ಜೀನು ಮರದ ಕೆಳಗಿತ್ತೋ, ಟೆಂಪೊದೊಳಗಿತ್ತೋ ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

ಬೆಲೆ ಬರೆದಿಡಿ ಎಂದದ್ದು ಇದಕ್ಕೆ. 303ನೇ ಕಲಂನ ಕಳವಿನಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧವಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. "ಒಂದು ಲಗಾಮು, ಒಂದು ಜೊತೆ ರಿಕಾಪು ಹೋಗಿದೆ" ಎಂದಷ್ಟೇ ಬರೆದುಕೊಟ್ಟರೆ ಸಣ್ಣ ಪ್ರಕರಣವಾಗಿ ಒಂದು ಹಿಂಬರಹದಲ್ಲಿ ಮುಗಿಯಬಹುದು. ಒಂದೇ ಸಲ ಹೋದ ಲಗಾಮು, ಕಡಿವಾಣ, ರಿಕಾಪು, ಗಾದಿ, ಹೆಲ್ಮೆಟ್ ಎಲ್ಲದರ ಬೆಲೆ ಬಿಡಿಬಿಡಿಯಾಗಿ ಬರೆದು, ಕೆಳಗೆ ಒಟ್ಟು ಹಾಕಿ, ಬಿಲ್ಲು ಲಗತ್ತಿಸಿ. ಇದ್ದದ್ದನ್ನೇ ಬರೆಯಿರಿ. ಉಬ್ಬಿಸಿ ಬರೆದ ಬೆಲೆ ಮುಂದೆ ಕೋರ್ಟಿನಲ್ಲಿ ನಿಮಗೇ ತಿರುಗುಬಾಣ.

"ಕಳೆದುಹೋಗಿದೆ" ಎಂಬ ಪದ ಎಲ್ಲೂ ಬರದಿರಲಿ. ಕಳೆದುಹೋದ ವಸ್ತುವಿಗೆ ಕೊಡುವ ಸ್ವೀಕೃತಿ ಬೇರೆ, ಕಳವಿನ ಎಫ್ಐಆರ್ ಬೇರೆ. ಎಫ್ಐಆರ್ ಆದರೆ ಅದರ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ರಾಯಚೂರಿನ ಕಾರ್ಯಕ್ರಮದಲ್ಲಿ ಕಳುವಾದದ್ದು ಬಳ್ಳಾರಿಯ ಮನೆಗೆ ಬಂದ ಮೇಲೆ ಗೊತ್ತಾದರೂ ತೊಂದರೆಯಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಸರಹದ್ದು ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಗಳ ಮಾಡಬೇಡಿ, ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್ಪಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿ ಇದೆ.

ಹುಡುಕುವುದು

ಜೀನು ಕೊಳ್ಳುವವರು ಕುದುರೆ ಇದ್ದವರು ಮಾತ್ರ, ಆ ಬಳಗ ಚಿಕ್ಕದು. ಕದ್ದವನಿಗೆ ಅದೇ ಕಷ್ಟ, ನಮಗೆ ಅದೇ ಅನುಕೂಲ. ಫೋಟೊಗಳನ್ನು ಮೆರವಣಿಗೆ ಕುದುರೆಯವರು, ಲಾಳ ಕಟ್ಟುವವರು, ಚರ್ಮದ ರಿಪೇರಿ ಅಂಗಡಿಗಳು, ಪಶುವೈದ್ಯರ ವಾಟ್ಸಾಪ್ ಗುಂಪುಗಳಿಗೆ ಕಳಿಸಿ. ಬಳ್ಳಾರಿಯಿಂದ ಆಂಧ್ರದ ಗುಂತಕಲ್, ಆದೋನಿ ಹತ್ತಿರ, ರಾಯಚೂರಿನಿಂದ ತೆಲಂಗಾಣದ ಗದ್ವಾಲ ಹತ್ತಿರ. ಆದ್ದರಿಂದ ತೆಲುಗಿನಲ್ಲೂ ನಾಲ್ಕು ಸಾಲು ಬರೆಸಿ ಕಳಿಸಿ. ಗುಟ್ಟಿನ ಗುರುತು ಎಲ್ಲಿದೆ ಎಂಬುದನ್ನು ಮಾತ್ರ ಬಹಿರಂಗ ಮಾಡಬೇಡಿ. "ನಿಮ್ಮ ಜೀನು ನನ್ನ ಹತ್ರ ಇದೆ" ಎಂದು ಯಾರಾದರೂ ಫೋನ್ ಮಾಡಿದರೆ ಗುರುತು ಯಾವುದೆಂದು ಅವರೇ ಹೇಳಲಿ. ಮುಂಗಡ ದುಡ್ಡು ಕಳಿಸಬೇಡಿ, ಒಬ್ಬರೇ ಹೋಗಬೇಡಿ. ಮಾರಾಟದ ಜಾಹೀರಾತು ಕಂಡರೆ ಪುಟದ ಚಿತ್ರ ತೆಗೆದು ತನಿಖೆ ಮಾಡುವ ಪೊಲೀಸರಿಗೆ ಕೊಡಿ.

ಹಾಗೆಯೇ ನೀವು ಹಳೆಯ ಜೀನು ಕೊಳ್ಳುವಾಗಲೂ ಬಿಲ್ಲು, ಮಾರುವವರ ಗುರುತಿನ ಚೀಟಿ ಕೇಳಿ. ಕಳವಿನ ಮಾಲೆಂದು ಗೊತ್ತಿದ್ದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ.

ಈ ನಡುವೆ ಬೇರೆಯವರ ಜೀನು ಎರವಲು ತಂದರೆ ಬೆನ್ನಿನ ಅಳತೆ ನೋಡಿ, ಪ್ರತಿ ಪಟ್ಟಿ, ಕಡಿವಾಣವನ್ನು ಸೋಪಿನಿಂದ ತೊಳೆದು ಬಿಸಿಲಿಗೆ ಒಣಗಿಸಿ, ಬೆನ್ನಿನ ಗಾದಿ ನಿಮ್ಮದೇ ಇರಲಿ. ಚರ್ಮದ ಹುಳುಕಡ್ಡಿ ಹರಡುವುದು ಹೀಗೆಯೇ. ಮೂಗು ಸೋರುವ, ಮೈಮೇಲೆ ಗಂಟು-ಹುಣ್ಣು ಇರುವ ಕುದುರೆಯ ಸಾಮಾನನ್ನು ಮುಟ್ಟಲೇಬೇಡಿ. ಗ್ಲ್ಯಾಂಡರ್ಸ್ ಎಂಬ ಕುದುರೆ ರೋಗ ಬಳಸಿದ ಸಾಮಾನಿನಿಂದಲೂ ಹರಡುತ್ತದೆ, ಮನುಷ್ಯರಿಗೂ ಅಂಟುತ್ತದೆ.

ಸಿಕ್ಕ ಮೇಲೆ

ಪೊಲೀಸರು ವಶಪಡಿಸಿಕೊಂಡ ಸಾಮಾನು ಕೋರ್ಟಿನ ಅಪ್ಪಣೆಯಿಂದ ನಿಮ್ಮ ಕೈಗೆ ಬರುತ್ತದೆ. ಅರ್ಜಿ ಹಾಕುವಾಗ ಮೊದಲ ದಿನ ಮಾಡಿದ ಫೋಟೊ ಪಟ್ಟಿ, ಬಿಲ್ಲು, ಎಫ್ಐಆರ್ ಪ್ರತಿ ಜೊತೆಗಿರಲಿ. ಚರ್ಮ ಠಾಣೆಯ ಕೋಣೆಯಲ್ಲಿ ಬೂಸಲು ಹಿಡಿಯುತ್ತದೆ ಎಂಬುದನ್ನು ಅರ್ಜಿಯಲ್ಲಿ ಹೇಳಿ ಬೇಗ ಬಿಡಿಸಿಕೊಳ್ಳಿ. ಪ್ರಕರಣ ಮುಗಿಯುವವರೆಗೆ ಅದನ್ನು ಮಾರುವಂತಿಲ್ಲ, ರೂಪ ಬದಲಿಸುವಂತಿಲ್ಲ ಎಂಬ ಷರತ್ತು ಇರಬಹುದು, ಆದೇಶ ಓದಿಕೊಳ್ಳಿ.

ತಂದ ದಿನವೇ ಹತ್ತಬೇಡಿ. ಜೀನನ್ನು ತಲೆಕೆಳಗು ಮಾಡಿ ಹೊಟ್ಟೆಪಟ್ಟಿ ಕಟ್ಟುವ ಪ್ರತಿ ಪಟ್ಟಿಯ ಹೊಲಿಗೆಯನ್ನು ಬೆರಳಿನಿಂದ ಎಳೆದು ನೋಡಿ. ಅವಸರದಲ್ಲಿ ಬಿಚ್ಚಿದವರು ಚಾಕು ಆಡಿಸಿರುತ್ತಾರೆ, ಅರ್ಧ ಕೊಯ್ದ ಪಟ್ಟಿ ಮೇಲಿನಿಂದ ಸರಿಯಾಗಿಯೇ ಕಾಣುತ್ತದೆ. ಜೀನಿನ ಮುಂದಿನ, ಹಿಂದಿನ ಅಂಚು ಹಿಡಿದು ಮೆಲ್ಲಗೆ ಒತ್ತಿ, ಒಳಗಿನ ಚೌಕಟ್ಟು ಮುರಿದಿದ್ದರೆ ಕಟಕಟ ಸದ್ದು ಬರುತ್ತದೆ, ನಡುವೆ ಬಾಗುತ್ತದೆ. ಅಂಥ ಜೀನು ರಿಪೇರಿಯಾಗುವವರೆಗೆ ಕುದುರೆಗೆ ಹಾಕಬಾರದು. ಹೆಲ್ಮೆಟ್ ವಾಪಸು ಬಂದಿದ್ದರೆ ಬಳಸಬೇಡಿ, ಎಲ್ಲಿ ಬಿದ್ದು ಪೆಟ್ಟು ತಿಂದಿದೆಯೋ ಗೊತ್ತಿರುವುದಿಲ್ಲ, ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಸರಿಯಿದ್ದರೆ ತೊಳೆದು, ಎಣ್ಣೆ ಹಚ್ಚಿ, ಮೊದಲು ಸವಾರನಿಲ್ಲದೆ ಕುದುರೆಯನ್ನು ಹಗ್ಗದಲ್ಲಿ ನಡೆಸಿ, ಬೆನ್ನು ಸವರಿ ನೋಡಿ. ಆಮೇಲೆ ಗುಂಪುಗಳಿಗೆಲ್ಲ ಸಾಮಾನು ಸಿಕ್ಕಿತೆಂದು ತಿಳಿಸಿ, ನಿಮ್ಮ ಫೋನ್ ನಂಬರ್ ಇರುವ ಹಳೆಯ ಸಂದೇಶಗಳನ್ನು ತೆಗೆಸಿಬಿಡಿ.